ಅಕ್ಕೋರ ಕೈಗೆ ರಜೆಯಿಲ್ಲ

ಒಂದನೇ ಕ್ಲಾಸಿಗೆ ಪಾಠ ಹೇಳಿ ಹೇಳಿ ನನ್ನ ಕೈ ಕೆಟ್ಟುಹೋಗಿದೆ. ಗಂಟಲು ಉಳಿಸಲು ಕಲಿತ ಸನ್ನೆಗಳು ಶಾಲೆಯ ಗೇಟು ದಾಟಿ ಬೀದಿಗೂ ಬರುತ್ತವೆ, ಬಂದಲ್ಲೆಲ್ಲ ನನ್ನ ಮಾನ ಕಳೆಯುತ್ತವೆ.

ಬ್ಯಾಂಕಿನಲ್ಲಿ

ಹೊಸಪೇಟೆಯ ಬ್ಯಾಂಕೊಂದಕ್ಕೆ ಪಾಸ್‌ಬುಕ್ ಎಂಟ್ರಿಗೆ ಹೋಗಿದ್ದೆ. ನಾನು ಒಳಗೆ ಕಾಲಿಟ್ಟದ್ದೇ ಮ್ಯಾನೇಜರು ಎದ್ದು ನಿಂತರು. ಮಕ್ಕಳಿಗೆ ಮಾಡುವಂತೆ ಅಂಗೈ ಕೆಳಗೆ ಮಾಡಿ ಆಡಿಸಿದೆ. ಪಾಪ, ಕೂತುಬಿಟ್ಟರು.

"ಏನಾಗಬೇಕಿತ್ರಿ ಮೇಡಂ?"

"ಏನಿಲ್ರಿ, ನೀವ್ಯಾಕ ಎದ್ರಿ?"

"ಊಟಕ್ಕ ಹೊಂಟಿದ್ದೆ ರೀ. ಈಗ ಹೋಗ್ಲೇನ್ರಿ?"

ಹಂಪಿಯಲ್ಲಿ

ಗಣಪತಿಯ ಕಟ್ಟೆ ಮೇಲೆ ಒಬ್ಬ ವಿದೇಶಿಗ ಬೂಟು ಹಾಕಿಕೊಂಡೇ ಹತ್ತಿದ್ದ. ಅವನ ಭಾಷೆ ನನಗೆ ಬಾರದು. ಕೈ ಸುಮ್ಮನಿರಬೇಕಲ್ಲ, ಕಿವಿ ಹಿಡಿದು ತೋರಿಸಿ ಕಣ್ಣು ಬಿಟ್ಟೆ. ಅವನು ಇಳಿದು, ಎರಡೂ ಕಿವಿ ಹಿಡಿದುಕೊಂಡು ಮೂರ್ತಿಯ ಕಡೆ ತಿರುಗಿ ನಿಂತ. ಅವನ ಗುಂಪಿನವರೂ ಸಾಲಾಗಿ ಕಿವಿ ಹಿಡಿದರು. ನಾನು ನಾಚಿ ಕಂಬದ ಮರೆಗೆ ಸರಿದೆ. ಅಲ್ಲಿದ್ದ ಅಜ್ಜಿ ತನ್ನ ಗಂಡನನ್ನು ತಿವಿದು, "ಭಕ್ತಿ ಅಂದ್ರ ಅದು. ನೀವೂ ಅದೀರಿ" ಅಂದಳು.

ಮನೆಯಲ್ಲಿ

ಮಗಳು ಮೊದಲೇ ಹೇಳಿದ್ದಳು: "ಅಮ್ಮ, ಈ ಹುಡುಗನ್ನ ನಾ ಒಪ್ಪೀನಿ. ನೀ ಕೈ ಕಟ್ಕೊಂಡು ಕುಂದ್ರು, ಸಂಬಂಧ ಕೆಡಸಬ್ಯಾಡ."

ಹುಡುಗ ಸಂಡೂರಿನ ಗಣಿಯಲ್ಲಿ ಇಂಜಿನಿಯರ್. ಕಂಪ್ಲಿಯಿಂದ ಅವನ ಮನೆಯವರೆಲ್ಲ ಬಂದರು. ನಾನು ಕೈಗಳನ್ನು ಸೆರಗಿನೊಳಗೆ ಬಚ್ಚಿಟ್ಟು ಕೂತೆ. ಲಗ್ನ ಯಾರ ಊರಲ್ಲಿ ಎಂದು ಶುರುವಾದ ಮಾತು ಜಗಳಕ್ಕೆ ತಿರುಗಿತು. ಹುಡುಗನ ದೊಡ್ಡಪ್ಪ, "ಹಂಗಾರ ಏಳ್ರಿ, ಹೋಗೂಣು" ಎಂದು ಎದ್ದರು. ನಮ್ಮವರೂ ದನಿ ಏರಿಸಿದರು.

ನನ್ನ ಕೈ ಯಾವಾಗ ಹೊರಬಂತೋ, ತೋರುಬೆರಳು ತುಟಿಯ ಮೇಲಿತ್ತು. ಇಡೀ ಪಡಸಾಲೆ ಗಪ್‌ಚಿಪ್. ದೊಡ್ಡಪ್ಪ ಕೂತು, ತಾವೂ ತುಟಿ ಮೇಲೆ ಬೆರಳಿಟ್ಟಿದ್ದರು. ಮಗಳ ಬಾಳು ನಾನೇ ಹಾಳುಮಾಡಿದೆನಲ್ಲ ಎಂದು ನಾಚಿಕೆಯಿಂದ ಕುಗ್ಗಿಹೋದೆ.

ಆಗ ಹುಡುಗ ನನ್ನನ್ನು ನೋಡಿ ಮೆಲ್ಲಗೆ ಕಿರುಬೆರಳು ಎತ್ತಿದ. ಹೆಣ್ಣಿನ ಮನೆಯಲ್ಲಿ ಹೇಗೆ ಕೇಳುವುದೆಂದು ಬಂದಾಗಿನಿಂದ ತಡೆದುಕೊಂಡು ಕೂತಿದ್ದನಂತೆ.

"ಹೋಗಿ ಬಾ. ಓಡಬ್ಯಾಡ" ಅಂದುಬಿಟ್ಟೆ.

ಅವನು ಓಡದೇ ಹೋದ. ಒಳಗೆ ಮಗಳು ಕಿಸಕ್ಕನೆ ನಕ್ಕಳು.

ದೊಡ್ಡಪ್ಪ ತುಟಿಯಿಂದ ಬೆರಳು ತೆಗೆದರು. "ಇಂವ ನಮ್ಮ ಮನ್ಯಾಗ ಒಬ್ಬರ ಮಾತೂ ಕೇಳಿಲ್ರಿ. ತಾಂಬೂಲ ತರ್ರಿ. ಲಗ್ನ ನಿಮ್ಮೂರಾಗ ಮಾಡ್ಕೊಳ್ರಿ, ಹುಡುಗನ್ನೂ ನೀವ ಇಟ್ಕೊಳ್ರಿ."