ಸರಿಯಾದ ಹಾಗೆ ಕಾಣುತ್ತೆ

ರಿಪೇರಿ ಮಾಡಿದ ಯಾವ ಯಂತ್ರವನ್ನೂ ‘ಪೂರ್ತಿ ಸರಿಯಾಯಿತು’ ಎಂದು ಹೇಳುವ ಅಭ್ಯಾಸ ಲಿಫ್ಟ್ ಮೆಕ್ಯಾನಿಕ್ಕಿಗೆ ಇರಲಿಲ್ಲ. ಹಾಗಂದರೆ ಯಂತ್ರಕ್ಕೆ ಸೊಕ್ಕು ಬಂದು ಮರುದಿನವೇ ಕೆಡುತ್ತದೆ ಎಂದು ಕೆಲಸ ಕಲಿಸಿದ ಗುರು ಹೇಳಿದ್ದ. ಮುಂದಿನ ತಾಪತ್ರಯಕ್ಕೆಲ್ಲ ಇದೇ ಮೂಲ.

ಏಳು ಮಹಡಿಯ ಆ ಕಚೇರಿಯಲ್ಲಿ ಆರು ವರ್ಷದಿಂದ ಅವನದು ಹಂಗಾಮಿ ನೌಕರಿ. ಅದನ್ನು ಖಾಯಂ ಮಾಡುವ ಕಾಗದವನ್ನು ಮ್ಯಾನೇಜರು ಇವತ್ತು ಸಂಜೆ ಕೊಡುವವರಿದ್ದರು. ಷರತ್ತು ಒಂದೇ: ಕೆಟ್ಟ ಲಿಫ್ಟ್ ಓಡಬೇಕು, ಅದರ ಬಾಗಿಲಿಗೆ ತಪ್ಪಿಲ್ಲದ ಇಂಗ್ಲಿಷಿನಲ್ಲಿ ಬೋರ್ಡು ಬೀಳಬೇಕು.

ಲಿಫ್ಟ್ ಹಿಂದಿನ ದಿನವೇ ಓಡಿತ್ತು. ಬೋರ್ಡಿಗಾಗಿ ಅವನು ಬೆಳಿಗ್ಗೆ ಮಗಳ ಮುಂದೆ ಕೂತ.

“ಲಿಫ್ಟ್ ಸರಿಯಾಯ್ತಾ ಅಪ್ಪ?”

“ಸರಿಯಾದ ಹಾಗೆ ಕಾಣುತ್ತಮ್ಮ.”

“ಹಾಗಾದ್ರೆ ‘ಸೀಮ್ಸ್’ ಅಂತ ಬರಿ. ಮೇಲ್ನೋಟಕ್ಕೆ ಹಾಗೆ ಕಾಣುತ್ತೆ, ಗ್ಯಾರಂಟಿ ಇಲ್ಲ ಅನ್ನೋವಾಗ ಅದನ್ನೇ ಹಾಕ್ಬೇಕು. ನಿನ್ನೆ ತಾನೇ ಟೀಚರ್ ಹೇಳಿಕೊಟ್ರು.”

‘ದಿ ಲಿಫ್ಟ್ ಸೀಮ್ಸ್ ಓಕೆ.’ ಮುದ್ದಾಗಿ ಬರೆದು ತೂಗುಹಾಕಿದ.

ಮೊದಲು ಬಂದ ಟೈಪಿಸ್ಟ್ ಇಂಗ್ಲಿಷಿನಲ್ಲಿ ಗಟ್ಟಿಗಿತ್ತಿ. ಎರಡು ಸಲ ಓದಿದಳು. “ಭೇಷ್, ಒಂದಕ್ಷರ ತಪ್ಪಿಲ್ಲ,” ಎಂದವಳೇ ಮೆಟ್ಟಿಲ ಕಡೆ ನಡೆದಳು.

“ಮೇಡಂ, ಲಿಫ್ಟ್ ಇದೆಯಲ್ಲ?”

“ಗ್ಯಾರಂಟಿ ಇಲ್ಲ ಅಂತ ನೀವೇ ಬರೆದಿದೀರಲ್ಲ. ನನಗೆ ಇಬ್ಬರು ಚಿಕ್ಕ ಮಕ್ಕಳು.”

ಹಿಂದೆ ಬಂದವರೆಲ್ಲ ಅವಳನ್ನು ಕೇಳಿ ಅವಳ ಹಾದಿಯನ್ನೇ ಹಿಡಿದರು. ಧೈರ್ಯ ತುಂಬಲೆಂದು ಮೆಕ್ಯಾನಿಕ್ ತಾನೇ ಲಿಫ್ಟಿನಲ್ಲಿ ಐದು ಸಲ ಹತ್ತಿಳಿದ.

“ಪಾಪ, ಅವನಿಗೇ ನಂಬಿಕೆ ಇಲ್ಲ. ಎಷ್ಟು ಸಲ ಪರೀಕ್ಷೆ ಮಾಡ್ತಿದಾನೆ ನೋಡಿ,” ಎಂದ ಬಾಗಿಲ ಕಾವಲುಗಾರ. ಆಮೇಲೆ ಹತ್ತಿರ ಬಂದು ಪಿಸುಗುಟ್ಟಿದ: “ಪೂರ್ತಿ ಸರಿಯಾಗಿದೆ ಅಂತ ಒಂದು ಮಾತು ಅಂದುಬಿಡಣ್ಣ. ನೌಕರಿ ಉಳಿಯುತ್ತೆ.”

ಮೆಕ್ಯಾನಿಕ್ ಬಾಯಿ ತೆರೆದ. ಗುರುವಿನ ಮುಖ ಕಣ್ಣ ಮುಂದೆ ಬಂತು. ಮುಚ್ಚಿದ.

ಅಷ್ಟರಲ್ಲಿ ಸ್ಥೂಲಕಾಯದ ಮ್ಯಾನೇಜರು ಬಂದರು. ಬೋರ್ಡು ಓದಿದರು, ಅವನನ್ನು ದುರುಗುಟ್ಟಿ ನೋಡಿದರು, ಮೆಟ್ಟಿಲು ಹತ್ತತೊಡಗಿದರು. ಮೆಕ್ಯಾನಿಕ್ ಅವರ ಬ್ಯಾಗು ಹಿಡಿದು ಹಿಂದೆಯೇ ಓಡಿದ. ಮಹಡಿಗೊಂದು ಸಲ ಕೂತು, ಏಳನೆಯದನ್ನು ಮುಟ್ಟಿದ ಮ್ಯಾನೇಜರಿಗೆ ಅರ್ಧ ಗಂಟೆ ಮಾತೇ ಹೊರಡಲಿಲ್ಲ. ಆರು ವರ್ಷದ ದುಡಿಮೆ ನೀರಿನಲ್ಲಿ ಹೋಮವಾಯಿತೆಂದು ಮೆಕ್ಯಾನಿಕ್ ಮೂಲೆಯಲ್ಲಿ ನಿಂತು ಬೆವರಿದ.

ಸಂಜೆ ಕರೆ ಬಂತು.

“ಬೋರ್ಡು ಬರೆದದ್ದು ನೀನೇನಾ?”

“ಹೌದು ಸಾರ್.”

“ಇಂಗ್ಲಿಷ್ ಚೆನ್ನಾಗಿದೆ. ನಾನೂ ಒಂದು ಪದ ಕಲಿತ ಹಾಗಾಯ್ತು.” ಲಕೋಟೆ ಕೈಗಿಟ್ಟರು.

ಅವನು ಮನೆಗೆ ಓಡಿಯೇ ಬಂದ. ಮಗಳು ಕಾಗದ ಬಿಡಿಸಿ ಓದಿದಳು: “ಯುವರ್ ಜಾಬ್ ಸೀಮ್ಸ್ ಪರ್ಮನೆಂಟ್.”

ಅವನು ಬಗ್ಗಿ ಕಾಗದವನ್ನು ನೋಡಿದ.

“ತಪ್ಪಿಲ್ಲದೆ ಬರೆದಿದಾರಾ?”

“ಒಂದಕ್ಷರ ತಪ್ಪಿಲ್ಲಪ್ಪ.”

ಅವನು ಕಾಗದವನ್ನು ಜೋಪಾನವಾಗಿ ಮಡಿಸಿದ. ನಿಧಾನವಾಗಿ ಅವನ ಮುಖದಲ್ಲಿ ನಗು ಮೂಡಿತು.

“ಇರಲಿ ಬಿಡಮ್ಮ. ಪೂರ್ತಿ ಆಯ್ತು ಅಂತ ಬರೆದಿದ್ರೆ ನಾಳೇನೇ ಕೆಟ್ಟುಹೋಗ್ತಿತ್ತು.”