ಗೌರೀಶ ಮೇಷ್ಟ್ರ ಕಂಪ್ರೆಸರ್

ಗಾಳಿಯ ವಿಷಯದಲ್ಲಿ ತನಗೆ ಪಾಠ ಹೇಳುವವರು ಹೊಸನಗರ ತಾಲ್ಲೂಕಿನಲ್ಲಿ ಇನ್ನೂ ಹುಟ್ಟಿಲ್ಲ ಎಂದು ಗೌರೀಶ ಮೇಷ್ಟ್ರು ಅಡುಗೆಮನೆಯ ಬಾಗಿಲಲ್ಲಿ ನಿಂತು ಘೋಷಿಸಿದರು. ಇಪ್ಪತ್ತೆರಡು ವರ್ಷಗಳಿಂದ ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುತ್ತಿರುವ ಮಹಾನುಭಾವರು. ಒತ್ತಡ, ಗಾತ್ರ, ಉಷ್ಣತೆ ಮೂರನ್ನೂ ಕರಿಹಲಗೆಯ ಮೇಲೆ ಕುಣಿಸಿದವರು. ಅಂಥವರು ತಮ್ಮದೇ ಹಳೇ ಜೀಪಿಗೆ ಚಕ್ರಕ್ಕೆ ಗಾಳಿ ತುಂಬುವ ಒಂದು ಕಂಪ್ರೆಸರ್ ಆರಿಸಲಾರರೇ?

"ಆರಿಸಿ," ಎಂದಳು ಹೆಂಡತಿ ಅಪರ್ಣಾ, ಒಲೆಯ ಮೇಲಿನ ಮಡಕೆಯಿಂದ ಕಣ್ಣು ತೆಗೆಯದೆ. "ಆದ್ರೆ ಕನ್ನಪ್ಪ ಹೇಳಿದ ಮದುವೆ ಮುಗಿಯೋದ್ರೊಳಗೆ ಆರಿಸಿ."

ಅಪರ್ಣಾ ತೊಡೆದೇವು ಮಾಡುತ್ತಾಳೆ. ಬೋರಲು ಹಾಕಿದ ಮಡಕೆಯ ಬೆನ್ನ ಮೇಲೆ ಕಬ್ಬಿನ ಹಾಲಿನಲ್ಲಿ ಕಲಸಿದ ಅಕ್ಕಿಹಿಟ್ಟನ್ನು ತೆಳ್ಳಗೆ ಸವರಿ, ಅದು ಗರಿಯಾಗುವ ಮುಂಚೆಯೇ ಎಬ್ಬಿಸಿ ಮಡಚಬೇಕು. ಕಾಗದಕ್ಕಿಂತ ತೆಳು. ಪಕ್ಕದಲ್ಲಿ ಕೂತು ಜೋರಾಗಿ ಸೀನಿದರೂ ಮುರಿಯುತ್ತದೆ. ಅತಿಥಿ ಉಪನ್ಯಾಸಕಿಯ ಕೆಲಸ ಹೋದ ಮೇಲೆ ಎರಡು ವರ್ಷ ಬೆರಳು ಸುಟ್ಟುಕೊಂಡು ಅವಳು ಕಲಿತ ವಿದ್ಯೆ ಅದು. ತೀರ್ಥಹಳ್ಳಿಯ ಅಡುಗೆ ಕಂಟ್ರಾಕ್ಟರ್ ಕನ್ನಪ್ಪನಿಗೆ ಬಸ್ಸಿನಲ್ಲಿ ನಲವತ್ತು ಮಾದರಿ ಕಳಿಸಿದ್ದಳು. ತಲುಪಿದಾಗ ಹನ್ನೊಂದು ಇಡಿಯಾಗಿದ್ದವು. ಆ ಹನ್ನೊಂದನ್ನು ತಿಂದು ಕನ್ನಪ್ಪ ಫೋನ್ ಮಾಡಿದ. ಬೇಸಿಗೆಯಲ್ಲಿ ಒಂದು ಮದುವೆಗೆ ಆರುನೂರು ಬೇಕು, ಒಡೆಯದೆ ತಂದುಕೊಟ್ಟರೆ ಈ ಸಾಲಿನ ಅಷ್ಟೂ ಮದುವೆ ನಿಮಗೇ, ಒಡೆದರೆ ನಮಸ್ಕಾರ, ಎಂದ.

ಅಪರ್ಣಾಳಿಗೆ ಇದು ಬರೀ ತಿಂಡಿಯ ಮಾತಾಗಿರಲಿಲ್ಲ. ಕಾಲೇಜಿನವರು ಒಂದು ಸಾಲಿನ ಪತ್ರದಲ್ಲಿ ಮನೆಗೆ ಕಳಿಸಿದವಳಿಗೆ ಮತ್ತೆ ಯಾರೋ "ನೀವು ಬೇಕು" ಎಂದಿದ್ದರು. ಮೇಷ್ಟ್ರಿಗೂ ಅದು ಗೊತ್ತಿತ್ತು. ಗೊತ್ತಿದ್ದರಿಂದಲೇ ಅವರು ಕೈ ಹಾಕಿದ್ದು.

ಮೇಷ್ಟ್ರ ಲೆಕ್ಕಾಚಾರ ಸರಳ. ಮನೆಯಿಂದ ಡಾಂಬರು ರಸ್ತೆಗೆ ಐದು ಕಿಲೋಮೀಟರ್ ಗುಂಡಿಯ ಮಣ್ಣುದಾರಿ. ಚಕ್ರದ ಗಾಳಿಯನ್ನು ಅರ್ಧಕ್ಕೆ ಇಳಿಸಿದರೆ ಜೀಪು ತೊಟ್ಟಿಲಿನ ಹಾಗೆ ಸಾಗುತ್ತದೆ. ಡಾಂಬರು ಸಿಕ್ಕಿದ ಮೇಲೆ ಗಾಡಿಯಲ್ಲೇ ಕೂತಿರುವ ಕಂಪ್ರೆಸರಿನಿಂದ ಮತ್ತೆ ತುಂಬಿಸಿಕೊಂಡು ಹೊರಟರಾಯಿತು. ಇದರಲ್ಲಿ ತಪ್ಪೇನೂ ಇರಲಿಲ್ಲ. ಮೇಷ್ಟ್ರು ಮಾಡುವ ಕೆಲಸಗಳಲ್ಲಿ ಶುರುವಿಗೆ ಎಂದೂ ತಪ್ಪಿರುವುದಿಲ್ಲ, ಅದೇ ತೊಂದರೆ.

ಆರಿಸುವ ಕಾರ್ಯ ಮೂರು ತಿಂಗಳು ನಡೆಯಿತು. ಒಂಟಿ ಸಿಲಿಂಡರಿನದೋ, ಜೋಡಿ ಸಿಲಿಂಡರಿನದೋ? ಬ್ಯಾಟರಿಯಿಂದ ಓಡುವುದೋ, ಎಂಜಿನ್ನಿನ ಬೆಲ್ಟಿನಿಂದ ಓಡುವುದೋ? ಸಾಗರದ ಜೀಪು ಬಳಗದ ವಾಟ್ಸಾಪ್ ಗುಂಪಿನಲ್ಲಿ ಕೇಳಿದರು. ಗುಂಪಿನಲ್ಲಿ ನಲವತ್ತು ಜನ, ನಲವತ್ತೊಂದು ಅಭಿಪ್ರಾಯ. ಸಂದೇಶ್ ಎಂಬ ಉತ್ಸಾಹಿ ಬೆಳಗ್ಗೆ ಒಂಟಿಯ ಪರ ಬರೆದು ಸಂಜೆ ಜೋಡಿಯ ಪರ ವಾದಿಸಿದ್ದ. ಮೇಷ್ಟ್ರು ಉತ್ತರಪತ್ರಿಕೆಯ ಹಿಂಬದಿಯಲ್ಲೆಲ್ಲ ಕೋಷ್ಟಕ ಬರೆದರು. ಊಟಕ್ಕೆ ಕೂತಾಗ ನಿಮಿಷಕ್ಕೆ ಎಷ್ಟು ಲೀಟರ್ ಗಾಳಿ ಎಂದು ಹೇಳಿದರು, ಕೈ ತೊಳೆಯುವಾಗ ಎಷ್ಟು ಆಂಪಿಯರ್ ಎಂದು ಹೇಳಿದರು.

"ಮಾರಾಯ್ರೆ, ನನ್ನ ನೋಡೋಕೆ ಬಂದಾಗ ನೀವು ಹತ್ತು ನಿಮಿಷದಲ್ಲಿ ಒಪ್ಪಿದ್ರಿ," ಎಂದಳು ಅಪರ್ಣಾ.

"ಅದು ಬೇರೆ ಕಣೆ. ಇದಕ್ಕೆ ವಾರಂಟಿ ನೋಡ್ಬೇಕು."

ಅಪರ್ಣಾ ಸಾರಿನ ಪಾತ್ರೆಯನ್ನು ಒಳಗೆ ಒಯ್ದಳು. ಮೇಷ್ಟ್ರಿಗೆ ಇನ್ನೊಂದು ಸೌಟು ಬೇಕಿತ್ತು.

ಕಡೆಗೆ ಬ್ಯಾಟರಿಯಿಂದ ಓಡುವ ಒಂಟಿ ಸಿಲಿಂಡರಿನದು ಬಂತು. ಇನ್ನು ಕೂರಿಸುವುದು ಎಲ್ಲಿ? ಬಾನೆಟ್ಟಿನ ಒಳಗೆ ಬಿಸಿ, ಗಾಡಿಯ ಅಡಿಯಲ್ಲಿ ಹಳ್ಳದ ನೀರು. ಹಿಂದಿನ ಬೆಂಚಿನ ತಳವೇ ಸರಿ ಎಂದು ತೀರ್ಮಾನಿಸಿ ಹೊಸನಗರದ ದುರ್ಗೇಶನ ಗ್ಯಾರೇಜಿಗೆ ಹೋದರು. ದುರ್ಗೇಶ್ ಹತ್ತಾರು ವರ್ಷ ಕೊಡಚಾದ್ರಿ ಜೀಪುಗಳ ಹೊಟ್ಟೆ ಬಗೆದವನು.

"ಸಾರ್, ನಡುವೆ ರಬ್ಬರ್ ಬುಷ್ ಹಾಕನ. ಇಲ್ಲಾಂದ್ರೆ ಬೆಂಚು ಒದರ್ತದೆ."

"ರಬ್ಬರ್ ಶಾಖ ಬಿಡಲ್ಲ ದುರ್ಗೇಶ್. ಲೋಹಕ್ಕೆ ಲೋಹ ಕೂತ್ರೆ ಬಿಸಿ ಇಡೀ ಬೆಂಚಿಗೆ ಹರಡಿ ಮಿಷನ್ ತಣ್ಣಗಿರ್ತದೆ. ನೇರ ಬೋಲ್ಟ್ ಹಾಕು."

"ಬಿಸಿ ಆದ್ರೆ ಆಗ್ಲಿ ಬಿಡಿ ಸಾರ್, ಐದು ನಿಮಿಷ ಆರಿಸಿದ್ರಾಯ್ತು."

"ನಾನು ಇದನ್ನ ಪಾಠ ಮಾಡೋನು ಮಾರಾಯ."

ಅಲ್ಲಿಗೆ ಮಾತು ಮುಗಿಯಿತು. ದುರ್ಗೇಶ್ ಸ್ಪ್ಯಾನರ್ ತೆಗೆದುಕೊಂಡು ನಾಲ್ಕು ಬೋಲ್ಟನ್ನೂ ಹಲ್ಲು ಕಚ್ಚಿ ಬಿಗಿದ.

ಮದುವೆಯ ದಿನ ಬೆಳಗ್ಗೆ ಏಳಕ್ಕೆ ಆರು ಡಬ್ಬಗಳು ಹಿಂದಿನ ಬೆಂಚಿನ ಮೇಲೆ ಕೂತವು. ಅಪರ್ಣಾ ನಾಲ್ಕು ದಿನ ಸೊಂಟ ನೆಟ್ಟಗೆ ಮಾಡದೆ ಮಾಡಿದ ಆರುನೂರು. ಒಂಚೂರೂ ಅಲುಗಾಡಬಾರದೆಂದು ಮೇಷ್ಟ್ರು ಡಬ್ಬಗಳನ್ನು ಬೆಂಚಿಗೆ ಹಗ್ಗದಿಂದ ಬಿಗಿದರು, ಬಿಗಿದ ಮೇಲೆ ಇನ್ನೊಂದು ಸುತ್ತು ಬಿಗಿದರು. ಚಕ್ರದ ಗಾಳಿ ಅರ್ಧಕ್ಕೆ ಇಳಿಸಿದರು. ಜೀಪು ಹೊರಟಿತು.

ಮಣ್ಣುದಾರಿಯಲ್ಲಿ ಅದು ನಿಜಕ್ಕೂ ತೊಟ್ಟಿಲಿನ ಹಾಗೇ ಹೋಯಿತು. ಡಾಂಬರು ಸಿಕ್ಕ ಜಾಗದಲ್ಲಿ ಅಪರ್ಣಾ ಇಳಿದು ಒಂದು ಡಬ್ಬದ ಮುಚ್ಚಳ ಎತ್ತಿ ನೋಡಿದಳು. ಎಲ್ಲವೂ ಇಡಿ. ಮೂರು ತಿಂಗಳಲ್ಲಿ ಮೊದಲ ಸಲ ಗಂಡನನ್ನು ನೋಡಿ ನಕ್ಕಳು.

"ಹೌದು ಕಣ್ರೀ, ಒಂದೂ ಒಡೆದಿಲ್ಲ."

ಮೇಷ್ಟ್ರಿಗೆ ಆ ಕ್ಷಣ ಇಪ್ಪತ್ತೆರಡು ವರ್ಷದ ಸರ್ವೀಸು ಸಾರ್ಥಕವಾಯಿತು. ಅಪರ್ಣಾ ಹೊಂಗೆ ಮರದ ನೆರಳಿಗೆ ಹೋಗಿ ಕೂತಳು. ಬ್ಯಾಟರಿ ಇಳಿಯಬಾರದಲ್ಲ, ಮೇಷ್ಟ್ರು ಎಂಜಿನ್ ಚಾಲೂ ಇಟ್ಟು ಕಂಪ್ರೆಸರಿನ ಗುಂಡಿ ಒತ್ತಿದರು. ಹಳೇ ಡೀಸೆಲ್ ಎಂಜಿನ್ ಒಂದು ತಾಳದಲ್ಲಿ ನಡುಗಿತು, ಬೆಂಚಿನಡಿಯ ಮಿಷನ್ ಇನ್ನೊಂದು ತಾಳ ಹಿಡಿಯಿತು. ಮೇಷ್ಟ್ರು ಮೀಟರ್ ಹಿಡಿದು ಚಕ್ರದಿಂದ ಚಕ್ರಕ್ಕೆ ಕುಕ್ಕರಗಾಲಲ್ಲಿ ಪ್ರದಕ್ಷಿಣೆ ಬಂದರು. ಚಕ್ರಕ್ಕೆ ಆರು ನಿಮಿಷದಂತೆ ಒಟ್ಟು ಇಪ್ಪತ್ನಾಲ್ಕು ನಿಮಿಷ. ಮಿಷನ್ ಮುಟ್ಟಿ ನೋಡಿದರು. ತಣ್ಣಗಿತ್ತು. ಶಾಖದ ಲೆಕ್ಕ ಕೂದಲೆಳೆಯಷ್ಟೂ ತಪ್ಪಿರಲಿಲ್ಲ.

ತೀರ್ಥಹಳ್ಳಿಯ ಕಲ್ಯಾಣಮಂಟಪದ ಹಿತ್ತಲಿನಲ್ಲಿ ಕನ್ನಪ್ಪ ಸೌಟು ಕೆಳಗಿಟ್ಟು ಬಂದು ಮೊದಲ ಡಬ್ಬ ತೆರೆದ. ಬಗ್ಗಿ ಮೂಸಿ ನೋಡಿದ. ಎರಡನೆಯದು ತೆರೆದ. ಮೂರನೆಯದಕ್ಕೆ ಕೈ ಹಾಕಿ ಒಂದು ಮುಷ್ಟಿ ಎತ್ತಿದ. ಬೆರಳ ಸಂದಿಯಿಂದ ಸಣ್ಣ ರವೆಯ ಹಾಗೆ ಉದುರಿತು.

"ಅಮ್ಮಾ, ನೀವು ತೊಡೆದೇವು ಅಂತ ಅಲ್ದಾ ಹೇಳಿದ್ದು?"

ರಸ್ತೆಯ ಮೇಲೆ ಓಡುವಾಗ ಒಂದೂ ಮುರಿಯದಿದ್ದದ್ದು ನಿಂತ ಜಾಗದಲ್ಲಿ ಪುಡಿಯಾಗಿತ್ತು. ಗಾಳಿ ತುಂಬಿದ ಇಪ್ಪತ್ನಾಲ್ಕು ನಿಮಿಷವೂ ಬೆಂಚು ನಡುಗಿತ್ತು, ಬೆಂಚಿಗೆ ಬಿಗಿದ ಡಬ್ಬ ನಡುಗಿತ್ತು. ಹಗ್ಗಕ್ಕೆ ಇನ್ನೊಂದು ಸುತ್ತು ಹಾಕಿದ್ದು ಯಾರೆಂದು ಹೇಳಬೇಕಾಗಿಲ್ಲ. ಕಂಪನದ ಅಧ್ಯಾಯವನ್ನು ಮೇಷ್ಟ್ರು ಪ್ರತಿವರ್ಷ ಎರಡು ವಾರ ಪಾಠ ಮಾಡುತ್ತಾರೆ, ಪರೀಕ್ಷೆಗೆ ಖಂಡಿತ ಬರುತ್ತದೆ ಎಂದು ಅಡಿಗೆರೆಯನ್ನೂ ಹಾಕಿಸುತ್ತಾರೆ. ಅವರಿಗೆ ತಲೆ ಎತ್ತಲಾಗಲಿಲ್ಲ. ಅಪರ್ಣಾ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿ ಇತ್ತು. ಒಂದು ಸಲ ಗಂಡನನ್ನು ನೋಡಿದಳು, ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ಕನ್ನಪ್ಪ, ಹಾಲು ಕಾಯ್ಸಿದೀರಾ?"

"ಕಾದಿದೆ. ಎಂತಕ್ಕೆ?"

"ತೊಡೆದೇವನ್ನ ಹೆಂಗಿದ್ರೂ ಹಾಲಿಗೆ ಮುರ್ಕೊಂಡೇ ತಿನ್ನೋದು. ಎಲೆ ಮೇಲೆ ಇಡೀದು ಹಾಕಿದ್ರೆ ಅರ್ಧ ಜನ ಬಿಟ್ಟು ಏಳ್ತಾರೆ. ಇದನ್ನ ದೊನ್ನೆಗೆ ಹಾಕಿ, ಬಿಸಿ ಹಾಲು, ಮೇಲೊಂದು ಚಮಚ ತುಪ್ಪ. ಒಂದು ಪಂಕ್ತಿಗೆ ಬಡಿಸಿ ನೋಡಿ. ಬೇಡಾಂದ್ರೆ ನಾನೇ ಎಲ್ಲ ಹೊತ್ಕೊಂಡು ಹೋಗ್ತೀನಿ."

ಮಾತು ಗಟ್ಟಿಯಾಗಿಯೇ ಇತ್ತು. ಆದರೆ ಒಂದೇ ಡಬ್ಬದ ಮುಚ್ಚಳವನ್ನು ಅವಳು ಮೂರು ಸಲ ಮುಚ್ಚಿ ತೆರೆದದ್ದನ್ನು ಮೇಷ್ಟ್ರು ಕಂಡರು. ಮೊದಲ ಪಂಕ್ತಿ ಏಳುವವರೆಗೆ ಇಬ್ಬರೂ ಹಿತ್ತಲಿನಲ್ಲಿ ತೊಳೆದಿಟ್ಟ ಕಡಾಯಿಗಳ ಪಕ್ಕ ನಿಂತಿದ್ದರು. ಅಷ್ಟು ಉದ್ದದ ಪಂಕ್ತಿಯನ್ನು ಮೇಷ್ಟ್ರು ಜನ್ಮದಲ್ಲಿ ಕಂಡಿರಲಿಲ್ಲ.

ಕನ್ನಪ್ಪ ಖಾಲಿ ಡಬ್ಬ ಹಿಡಿದು ಬಂದ. ಹಲ್ಲಿಲ್ಲದ ಹಿರಿಯರೆಲ್ಲ ಎರಡೆರಡು ದೊನ್ನೆ ಕೇಳಿದರಂತೆ. ಗಂಡಿನ ಸೋದರತ್ತೆ ಶೇಷಮ್ಮನವರು ಮೂರನೆಯದಕ್ಕೆ ಕೈ ಚಾಚಿದರಂತೆ. "ಅಮ್ಮಾ, ಮುಂದಿನ ವಾರ ಎರಡು ಮದುವೆ. ಹನ್ನೆರಡು ಡಬ್ಬ ಬೇಕು. ಆದ್ರೆ ಹಿಂಗೇ ಇರ್ಬೇಕು, ಇದೇ ಹದ."

ಹದ ಎಂಬುದೇ ಮೇಷ್ಟ್ರ ಕುತ್ತಿಗೆಗೆ ಬಂತು. ಅಪರ್ಣಾ ಕೈಯಲ್ಲಿ ಹಿಸುಕಿ ನೋಡಿದಳು, ಚೂರು ಒಂದು ದೊಡ್ಡದು, ಒಂದು ಚಿಕ್ಕದಾಯಿತು. ಮಿಕ್ಸಿಗೆ ಹಾಕಿದಳು, ಹಿಟ್ಟಾಯಿತು. ಎರಡೂ ಕನ್ನಪ್ಪನಿಗೆ ಬೇಡ. ಹಾಗಾಗಿ ಈಗ ವಾರಕ್ಕೆ ಎರಡು ಬೆಳಗ್ಗೆ ಜೀಪು ಬೆಂಚಿಗೆ ಡಬ್ಬ ಬಿಗಿಸಿಕೊಂಡು ಅಂಗಳದಲ್ಲಿ ನಿಂತಲ್ಲೇ ಗುಡುಗುತ್ತದೆ. ಮಿಷನ್ ಬರಿದೇ ಓಡಿಸಿದರೆ ಆ ನಡುಕ ಬರುವುದಿಲ್ಲ. ಮೇಷ್ಟ್ರು ನಾಲ್ಕೂ ಚಕ್ರದ ಗಾಳಿ ಇಳಿಸುತ್ತಾರೆ, ಮತ್ತೆ ತುಂಬಿಸುತ್ತಾರೆ, ಡಬ್ಬ ಬದಲಾಯಿಸಿ ಮತ್ತೆ ಇಳಿಸುತ್ತಾರೆ. ಹದಕ್ಕೆ ಈಗ ಚಕ್ರವೇ ಅಳತೆ. "ಮಕ್ಕಳ ಪಂಕ್ತಿಗೆ ಮೂರು ಚಕ್ರದ್ದು, ಹಿರಿಯರಿಗೆ ನಾಲ್ಕು ಚಕ್ರದ್ದು," ಎಂದು ಕನ್ನಪ್ಪ ಫೋನಿನಲ್ಲಿ ಹೇಳುತ್ತಾನೆ. ಸಾಗರದ ಬಳಗದವರು ಭಾನುವಾರ ಗುಡ್ಡ ಹತ್ತಲು ಕರೆದರೆ ಮೇಷ್ಟ್ರಿಗೆ ಪುರುಸೊತ್ತಿಲ್ಲ. ಸೊಂಟ ನೋವು ಬೇರೆ. ದುರ್ಗೇಶ್ ಒಮ್ಮೆ ದಾರಿಯಲ್ಲಿ ಸಿಕ್ಕಿ, ಬುಷ್ ಹಾಕಿಸಿಕೊಳ್ಳಿ ಸಾರ್ ಎಂದ. ಬೇಡವೇ ಬೇಡ ಎಂದು ಅಪರ್ಣಾ ಗಾಬರಿಯಿಂದ ಹೇಳಿದಳು. ಅವಳಿಗೆ ಈಗ ಕೈತುಂಬ ಕೆಲಸ, ಮುಖದಲ್ಲಿ ಕಳೆ. ಅದನ್ನು ನೋಡಿದಾಗ ಮೇಷ್ಟ್ರಿಗೆ ಸಂತೋಷವೇ ಆಗುತ್ತದೆ, ಆದರೆ ಕೂತು ಸಂತೋಷಪಡಲು ಬಿಡುವಿಲ್ಲ.

ಮೊನ್ನೆ ಹೀಗೇ ಮೂರನೇ ಚಕ್ರದ ಹತ್ತಿರ ಕುಕ್ಕರಗಾಲಲ್ಲಿ ಕೂತಿದ್ದಾಗ ಸಂದೇಶನ ಫೋನು ಬಂತು.

"ಸಾರ್, ನಾನೂ ಕಂಪ್ರೆಸರ್ ತಗೊಳ್ತಾ ಇದೀನಿ. ನಿಮ್ಮಷ್ಟು ಅಭ್ಯಾಸ ಮಾಡಿದೋರು ಯಾರೂ ಇಲ್ಲ. ಒಂಟಿ ಸಿಲಿಂಡರಿಂದ್ ತಗೊಳ್ಲಾ, ಜೋಡೀದಾ?"

ಮೇಷ್ಟ್ರು ಹಣೆಯ ಬೆವರು ಒರೆಸಿಕೊಂಡು ಬೆನ್ನು ನೆಟ್ಟಗೆ ಮಾಡಿದರು. ಎಷ್ಟೋ ದಿನದ ಮೇಲೆ ಅವರ ಗಂಟಲಿಗೆ ಕಾಲೇಜಿನ ಗತ್ತು ಬಂತು.

"ಒಂಟೀದೇ ತಗೊ ಸಂದೇಶ್. ಜೋಡೀದಾದ್ರೆ ಎರಡೇ ಚಕ್ರಕ್ಕೆ ಹಿಟ್ಟಾಗಿ ಹೋಗ್ತದೆ."