ನಮ್ಮ ಗೋಲ್‌ಕೀಪರನ ಎಂದೂ ಕೆಡದ ಹೊಟ್ಟೆಗೆ

ಮಾನ್ಯ ಜಠರದವರೇ, ತಮ್ಮ ಕೈಕೆಳಗೆ ಹಗಲಿರುಳು ದುಡಿಯುತ್ತಿರುವ ಸಣ್ಣ ಕರುಳು, ದೊಡ್ಡ ಕರುಳಿನವರೇ, ಹಾಗೂ ಅಲ್ಲಿ ಬಿಡಾರ ಹೂಡಿರುವ, ಕಣ್ಣಿಗೆ ಕಾಣದ ಸಮಸ್ತ ಸೂಕ್ಷ್ಮಜೀವಿಗಳೇ,

ತಮಗೆಲ್ಲ ನನ್ನ ಸವಿನಯ ನಮಸ್ಕಾರಗಳು. ತಾವು ಎಂದಿನಂತೆ ಕ್ಷೇಮವಾಗಿಯೇ ಇದ್ದೀರಿ ಎಂಬುದು ನನಗೆ ಚೆನ್ನಾಗಿ ಗೊತ್ತು. ಈ ದೂರು ಬರೆಯಲು ಕಾರಣವೇ ಅದು.

ನಾನು ಬಸ್ ಡಿಪೋದ ರಿಪೇರಿ ಶೆಡ್ಡಿನಲ್ಲಿ ಬ್ರೇಕು ನೋಡಿಕೊಳ್ಳುವ ಮೆಕ್ಯಾನಿಕ್, ಡಿಪೋದ ಫುಟ್‌ಬಾಲ್ ತಂಡದಲ್ಲಿ ಎರಡನೆಯ ಗೋಲ್‌ಕೀಪರ್. ಮೊದಲನೆಯವನು ತಮ್ಮ ಯಜಮಾನ, ಟಿಕೆಟ್ ಕೌಂಟರಿನ ಗುಮಾಸ್ತ. ಚೆಂಡನ್ನು ಒಳಗೆ ಬಿಡುವ ಅಭ್ಯಾಸವೇ ಇಲ್ಲದ್ದರಿಂದ ನಾವೆಲ್ಲ ಅವನನ್ನು, ಬಾಗಿಲಿಗೆ ಅಡ್ಡ ಹಾಕುವ ಪಟ್ಟಿಯ ಹೆಸರಿಟ್ಟು, ಅಗಳಿ ಎಂದೇ ಕರೆಯುತ್ತೇವೆ. ಎರಡನೆಯ ಗೋಲ್‌ಕೀಪರನ ಪಾಡು ತಮಗೆ ತಿಳಿಯದೇ ಇರಬಹುದು: ಮೊದಲನೆಯವನಿಗೆ ಏನಾದರೂ ಆಗಲಿ ಎಂದು ಬಾಯಿಬಿಟ್ಟು ಹಾರೈಸುವಂತಿಲ್ಲ, ಏನೂ ಆಗದಿದ್ದರೆ ಆಡುವಂತಿಲ್ಲ. ವರ್ಷಗಟ್ಟಲೆ ಬೆಂಚಿನ ಮೇಲೆ ನೀರಿನ ಬಾಟಲಿಗಳ ಪಕ್ಕದಲ್ಲಿ ಕೂತು, ಇವತ್ತಾದರೂ ಇವನಿಗೆ ಒಂದು ಅಜೀರ್ಣ ಬಾರದೇ ಎಂದು ಕಾದವನು ನಾನು. ತಂಡದಲ್ಲಿ ಎಲ್ಲರ ಹೊಟ್ಟೆಯೂ ಒಂದಲ್ಲ ಒಂದು ದಿನ ಕೈಕೊಟ್ಟಿದೆ, ತಮ್ಮ ಹೊರತು.

ತಮ್ಮ ಕಾರ್ಯವೈಖರಿಯನ್ನು ಹೊಗಳದೆ ಇರಲಾರೆ. ಡಿಪೋದ ಡಾಕ್ಟರಮ್ಮ ಒಮ್ಮೆ ತಂಡವನ್ನೆಲ್ಲ ಕೂಡಿಸಿ, "ಕಾಲಿಗೆ ಮಾತ್ರ ಕಸರತ್ತು ಮಾಡಿಸಿದ್ರೆ ಸಾಲದು ಕಣ್ರಪ್ಪ, ತಿಂದಿದ್ದು ಮೈಗೆ ಹತ್ತೋದು ಕರುಳಲ್ಲಿ, ಅದು ಸರಿಯಿಲ್ಲ ಅಂದ್ರೆ ನಿದ್ದೆ, ಮನಸ್ಸು, ಮೈಯ ಕಸುವು ಎಲ್ಲ ಏರುಪೇರಾಗುತ್ತೆ" ಎಂದು ತಿಳಿಸಿ ಹೇಳಿದಾಗ ಉಳಿದವರು ಆಕಳಿಸಿದರೆ, ತಮ್ಮ ಯಜಮಾನ ಮಾತ್ರ ಕಿವಿ ನೆಟ್ಟಗೆ ಮಾಡಿಕೊಂಡು ಕೇಳಿದ. ಅಂದಿನಿಂದ ಅವನ ಡಬ್ಬಿಯಲ್ಲಿ ಸೊಪ್ಪು, ಕಾಳು, ಹಣ್ಣು, ಒಂದು ಬಟ್ಟಲು ಮೊಸರು. ತುತ್ತನ್ನು ಎಷ್ಟು ಅಗಿಯುತ್ತಾನೆಂದರೆ, ನಾವು ಉಂಡು, ಹರಟೆ ಹೊಡೆದು, ಕೈಗೆ ಗ್ರೀಸು ಮೆತ್ತಿಕೊಂಡು ಕೆಲಸಕ್ಕೆ ಇಳಿದಾಗಲೂ ಅವನ ದವಡೆ ನಿಂತಿರುವುದಿಲ್ಲ. ಅದನ್ನು ನೋಡುವಾಗ ನನಗಾಗುತ್ತಿದ್ದ ಸಂಕಟವನ್ನು ಮುಚ್ಚಿಡುವುದೇಕೆ, ಅದು ಅಪ್ಪಟ ಹೊಟ್ಟೆಕಿಚ್ಚು.

ಈ ಸಲ ನನ್ನದು ಕೊನೆಯ ಸೀಸನ್. ಮಂಡಿ ಎರಡೂ ಹಳೆಯ ಬಸ್ಸಿನ ಬಾಗಿಲಿನಂತೆ ಸದ್ದು ಮಾಡುತ್ತಿವೆ. ನನ್ನ ಮಗಳೋ, "ಅಪ್ಪ, ನೀನು ಆಟಗಾರನಾ, ನೀರು ಕೊಡೋನಾ?" ಎಂದು ಊಟಕ್ಕೆ ಕೂತಾಗ ಕೇಳಿಬಿಟ್ಟಳು. ಅವಳು ಮುಗ್ಧವಾಗಿಯೇ ಕೇಳಿದ್ದು. ಒಂದೇ ಒಂದು ಆಟ, ಅವಳ ಕಣ್ಣೆದುರಿಗೆ ಆಡಬೇಕು ಎಂದು ಆವತ್ತೇ ನಿಶ್ಚಯಿಸಿದೆ.

ಫೈನಲ್ಲಿಗೆ ಎರಡು ದಿನ ಇರುವಾಗ ಅಗಳಿ ಡಿಪೋದ ಒದ್ದೆ ಮೆಟ್ಟಿಲಲ್ಲಿ ಜಾರಿ ಕಾಲು ಉಳುಕಿಸಿಕೊಂಡ. ಗಮನಿಸಬೇಕು, ಆಗಲೂ ಸೋತದ್ದು ಕಾಲೇ ಹೊರತು ತಾವಲ್ಲ. ಕೋಚ್ ನನ್ನ ಭುಜ ತಟ್ಟಿ, "ಇನ್ನೇನಪ್ಪ, ನೀನೇ ಗತಿ" ಎಂದರು. ಅಗಳಿ ಕುಂಟುತ್ತ ಶೆಡ್ಡಿಗೇ ಬಂದು, "ಅಣ್ಣ, ದಿನಾ ಏನು ತಿಂತೀಯೋ ಅದನ್ನೇ ತಿನ್ನು, ಹೊಸದೇನೂ ಮಾಡೋಕೆ ಹೋಗ್ಬೇಡ" ಎಂದು ಕಿವಿಮಾತು ಹೇಳಿದ. ಗುಟ್ಟು ಬಿಟ್ಟುಕೊಡಲು ಮನಸ್ಸಿಲ್ಲದೆ ದಾರಿ ತಪ್ಪಿಸುತ್ತಿದ್ದಾನೆ, ಎಂಥಾ ಕಿಲಾಡಿ ಎಂದುಕೊಂಡ ನಾನು, ತಾವು ವರ್ಷಗಳಿಂದ ಅರಗಿಸಿಕೊಂಡು ಬಂದ ಸೊಪ್ಪು, ಕಾಳು, ಮೊಸರನ್ನೆಲ್ಲ ಆ ಎರಡೇ ದಿನದಲ್ಲಿ ತಿಂದು ಮುಗಿಸಿದೆ. ಆಟದ ದಿನ ಬೆಳಿಗ್ಗೆ ಶಕ್ತಿ ಹೆಚ್ಚಲಿ ಎಂದು ಇನ್ನೊಂದು ಪಾತ್ರೆ ಬೇಯಿಸಿದ ಕಾಳು.

ಮುಂದಿನದನ್ನು ಸಭ್ಯ ಭಾಷೆಯಲ್ಲಿ ಹೇಳುವುದು ಕಷ್ಟ. ಎರಡೂ ತಂಡಗಳು ಮೈದಾನಕ್ಕೆ ಇಳಿದು ಸಾಲಾಗಿ ನಿಂತಾಗ, ನಾನು ಮೈದಾನದ ಹಿಂದಿನ ಶೌಚಾಲಯದಲ್ಲಿ, ಚಿಲಕ ಸರಿಯಾಗಿ ಬೀಳದ ಬಾಗಿಲನ್ನು ಒಂದು ಕೈಯಲ್ಲಿ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಗ್ಲೌಸು ಹಿಡಿದುಕೊಂಡು ಕೂತಿದ್ದೆ. ಬೇಲಿಯಾಚೆ ನನ್ನ ಮಗಳು ಗೆಳತಿಯರಿಗೆ, "ನಮ್ಮಪ್ಪ ಈಗ ಬರ್ತಾರೆ ನೋಡ್ರೇ" ಎನ್ನುತ್ತಿದ್ದುದು ಕೇಳಿಸುತ್ತಿತ್ತು. ನಾಚಿಕೆಯಿಂದ ಅತ್ತುಬಿಟ್ಟೆ. ಗತ್ಯಂತರವಿಲ್ಲದೆ ನಮ್ಮ ಡಿಫೆಂಡರ್ ಒಬ್ಬನನ್ನು ಗೋಲಿಗೆ ನಿಲ್ಲಿಸಿದರು. ಅವನು ಚೆಂಡು ಬಂದರೆ ಪಕ್ಕಕ್ಕೆ ಸರಿಯುವ ಸಂಭಾವಿತ.

ಆಗ ಬಾಗಿಲ ಸಂದಿಯಿಂದ ಉಪ್ಪು ಸಕ್ಕರೆ ಕದಡಿದ ನೀರಿನ ಬಾಟಲಿ ಒಳಗೆ ಬಂತು. ಹೊರಗೆ ಒಂಟಿ ಕಾಲಲ್ಲಿ ನಿಂತಿದ್ದವನು ತಮ್ಮ ಯಜಮಾನ. "ಒಂದೊಂದೇ ಗುಟುಕು ಕುಡಿ ಅಣ್ಣ, ಉದ್ದಕ್ಕೆ ಉಸಿರು ಬಿಡು. ನಿನಗೆ ಗಾಬರಿಯಾದ್ರೆ ಅದಕ್ಕೂ ಗಾಬರಿಯಾಗುತ್ತೆ, ಪಾಪ" ಎಂದ. ನನ್ನ ಹೊಟ್ಟೆಯನ್ನು ಪಾಪ ಎಂದವರು ಈ ಭೂಮಿಯ ಮೇಲೆ ಅವನೊಬ್ಬನೇ. ಅರ್ಧ ಆಟ ಮುಗಿಯುವ ಹೊತ್ತಿಗೆ ಒಳಗಿನ ಗಲಾಟೆ ತಣ್ಣಗಾಯಿತು, ನಾನು ಮೈದಾನಕ್ಕೆ ಬಂದೆ.

ಆ ಸಂಭಾವಿತ ಬಿಟ್ಟುಕೊಟ್ಟ ಗೋಲುಗಳನ್ನೆಲ್ಲ ನಮ್ಮವರು ತೀರಿಸಿ ಒಂದು ಗೋಲಿನಿಂದ ಮುಂದಿದ್ದಾಗ, ಆಟ ಮುಗಿಯಲು ಇನ್ನೇನು ಕೆಲವೇ ಕ್ಷಣಗಳಿವೆ ಎನ್ನುವಾಗ, ಎದುರಾಳಿಗೆ ಪೆನಾಲ್ಟಿ ಸಿಕ್ಕಿತು. ಎಡಕ್ಕೆ ಹಾರಲೋ ಬಲಕ್ಕೆ ಹಾರಲೋ ಎಂದು ಯೋಚಿಸುವಷ್ಟರಲ್ಲಿ ಒಳಗೆ ಮತ್ತೊಮ್ಮೆ ಗುಡುಗಿತು. ಎತ್ತಲೂ ಹಾರುವ ಧೈರ್ಯವಾಗದೆ ಕಂಬದಂತೆ ನಿಂತೆ. ಚೆಂಡು ನೇರವಾಗಿ ಬಂದು ನನ್ನ ಹೊಟ್ಟೆಗೇ ಬಡಿಯಿತು. ಎರಡೂ ಕೈಯಲ್ಲಿ ಅದನ್ನು ಅವುಚಿಕೊಂಡು ಬಿದ್ದವನ ಮೇಲೆ ಇಡೀ ತಂಡ ಬಿತ್ತು. ಮಗಳು ಬೇಲಿ ಹತ್ತಿ ಕೂಗುತ್ತಿದ್ದಳು. ಕೋಚ್ ಅದನ್ನು ಅನುಭವದ ಫಲ ಎಂದರು, ನಾನು ತಿದ್ದಲಿಲ್ಲ.

ಆದ್ದರಿಂದ ತಮ್ಮಲ್ಲಿ ನನ್ನ ವಿನಂತಿ ಇಷ್ಟೇ: ತಮ್ಮಲ್ಲಿರುವ ಅನುಭವಸ್ಥ ಸೂಕ್ಷ್ಮಜೀವಿಗಳಲ್ಲಿ ಒಂದು ಕೋಟಿಯನ್ನಾದರೂ ಎರವಲು ಸೇವೆಯ ಮೇಲೆ ನನ್ನ ಹೊಟ್ಟೆಗೆ ಕಳುಹಿಸಿಕೊಡಬೇಕು. ಪ್ರಯಾಣ ಭತ್ಯೆಯಾಗಿ ದಿನವೂ ಒಂದು ಬಟ್ಟಲು ಮೊಸರು ಕೊಡುತ್ತೇನೆ, ಸೊಪ್ಪು ಕಾಳುಗಳನ್ನು ಈ ಸಲ ಸ್ವಲ್ಪಸ್ವಲ್ಪವಾಗಿಯೇ ಹೆಚ್ಚಿಸುತ್ತೇನೆ, ಅಗಿಯುವುದನ್ನೂ ಕಲಿಯುತ್ತೇನೆ. ಇದು ಸಾಧ್ಯವಾಗದಿದ್ದರೆ ತಾವೇ ವಾರಕ್ಕೊಮ್ಮೆ ಬಂದು ತಪಾಸಣೆ ನಡೆಸುವ ಕೃಪೆ ಮಾಡಬೇಕು.

ತಮ್ಮ ವಿಶ್ವಾಸಿ,
ಬೆಂಚಿನಿಂದ ಒಮ್ಮೆ ಎದ್ದ ಎರಡನೆಯ ಗೋಲ್‌ಕೀಪರ್

ಇಷ್ಟು ಬರೆದು ಮುಗಿಸಿದ ಮೇಲೆ ಬಂದ ಸುದ್ದಿ: ಗೆದ್ದ ಖುಷಿಯಲ್ಲಿ ನಡೆದ ಔತಣದಲ್ಲಿ ನಮ್ಮವರ ಬಲವಂತಕ್ಕೆ ಅಗಳಿ ಸಿಕ್ಕಿದ್ದನ್ನೆಲ್ಲ ಅಗಿಯದೆ ನುಂಗಿ, ಮರುದಿನ ಹೊಟ್ಟೆ ಕೆಟ್ಟಿದೆ ಎಂದು ಕೌಂಟರಿಗೆ ರಜೆ ಹಾಕಿದನಂತೆ. ಇಷ್ಟು ವರ್ಷ ನಾನು ಬೇಡಿಕೊಂಡ ಆ ಒಂದು ದಿನವನ್ನು, ನನ್ನ ಸೀಸನ್ ಮುಗಿದ ಮಾರನೆಯ ದಿನವೇ ತಾವು ಮಂಜೂರು ಮಾಡಿದ್ದಕ್ಕೆ ಚಿರಋಣಿ. ಉಪ್ಪು ಸಕ್ಕರೆಯ ನೀರನ್ನು ನಾನೇ ಅವನ ಮನೆಗೆ ಮುಟ್ಟಿಸಿ ಬಂದಿದ್ದೇನೆ. ಬಾಗಿಲ ಸಂದಿಯಿಂದಲೇ ಕೊಟ್ಟೆ.